‘ಚೊತ್ತೊ’ ಅಂದ್ರೆ ಆಗಲ್ಲ ಅಂತ

ಜಪಾನಿನ ನಾಗಾನೊ ಕಡೆಯ ಒಂದು ಸಣ್ಣ ಊರಲ್ಲಿ ಮೂರು ವರ್ಷ ಇಂಗ್ಲಿಷ್ ಟೀಚರ್ ಆಗಿದ್ದೆ ಅಂತ ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದದ್ದೇ ತಪ್ಪಾಯಿತು ನೋಡಿ, ಪತ್ರದ ಮೇಲೆ ಪತ್ರ. ಜಾಗ ಕಡಿಮೆ, ನಾಲ್ಕನ್ನು ಆರಿಸಿದ್ದೇನೆ.

ಪ್ರಶ್ನೆ: ನಾನು ಬಿ.ಎ., ಬಿ.ಎಡ್. ಹತ್ತನೇ ತನಕ ಕನ್ನಡ ಮಾಧ್ಯಮ, ಆಮೇಲೆ ಇಂಗ್ಲಿಷ್. ಜಪಾನಿನ ಶಾಲೆಯಲ್ಲಿ ಕೆಲಸ ಸಿಗುತ್ತಾ ಅಕ್ಕ? ದುಡ್ಡು ಕಟ್ಟಿದರೆ ಆಗುತ್ತೆ ಅಂತ ಒಬ್ಬ ಏಜೆಂಟ್ ಹೇಳುತ್ತಿದ್ದಾನೆ. (ಸಿಂದಗಿ)

ಉತ್ತರ: ತಂಗಿ, ಮೊದಲು ದುಡ್ಡು ಕಟ್ಟಬೇಡ. ಹೊರದೇಶದವರನ್ನು ಶಾಲೆಗಳಿಗೆ ಕರೆಸಿಕೊಳ್ಳುವ ಜಪಾನ್ ಸರ್ಕಾರದ ಜೆಟ್ ಕಾರ್ಯಕ್ರಮ 1987ರಿಂದ ನಡೆಯುತ್ತಿದೆ. ಭಾರತದವರು ಅರ್ಜಿ ಹಾಕೋದು ಜಪಾನಿನ ರಾಯಭಾರ ಕಚೇರಿ ಮೂಲಕ, ನಡುವೆ ಯಾವ ಏಜೆಂಟನೂ ಬೇಕಿಲ್ಲ. ಯಾವುದಾದರೂ ಪದವಿ ಇದ್ದರೆ ಸಾಕು, ಬಿ.ಎಡ್. ಇರಲೇಬೇಕು ಅಂತಿಲ್ಲ. ಒಂದೊಂದೇ ವರ್ಷದ ಒಪ್ಪಂದ, ಹೆಚ್ಚೆಂದರೆ ಐದು ವರ್ಷ. ಅಲ್ಲಿನ ಟೀಚರ್ ಪಕ್ಕ ನಿಂತು ಪಾಠಕ್ಕೆ ನೆರವಾಗುವ ಕೆಲಸ. ಬೇರೆ ದಾರಿಯಿಂದ ಹೋಗೋದಾದರೆ ಒಂದು ತೊಡಕಿದೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ವೀಸಾಗೆ 12 ವರ್ಷ ಇಂಗ್ಲಿಷಿನಲ್ಲೇ ಓದಿರಬೇಕು ಅಂತ ಅವರ ನಿಯಮ. ಪಿಯುಸಿ ಎರಡು, ಬಿ.ಎ. ಮೂರು, ಬಿ.ಎಡ್. ಎರಡು, ನಿನ್ನದು ಏಳೇ ಆಯಿತು. ನಿನ್ನ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಅವರು ನೋಡೋದು ಕಾಗದ. ಇದನ್ನು ಆ ಏಜೆಂಟ್ ಹೇಳಿದ್ದಾನಾ, ಕೇಳು.

ಪ್ರಶ್ನೆ: ಮಗ ಏಪ್ರಿಲಿನಲ್ಲಿ ಅಲ್ಲಿಗೆ ಟೀಚರ್ ಆಗಿ ಹೋದ. ನಾವು ಮೊಟ್ಟೆ ಕೂಡ ಮುಟ್ಟದವರು. ಫೋನ್ ಮಾಡಿದಾಗೆಲ್ಲ ಅನ್ನ ಮೊಸರು ಉಂಡೆ ಅಂತಾನೆ. ನಿಜಾನಾ? ಇಲ್ಲಿಂದ ಏನು ಕಳಿಸಲಿ? (ಜಮಖಂಡಿ)

ಉತ್ತರ: ಅಕ್ಕಾ, ಸುಳ್ಳು ಹೇಳ್ತಿಲ್ಲ ಬಿಡಿ, ಅನ್ನ ಮೊಸರು ಎರಡೂ ಅಲ್ಲಿ ಸಿಗುತ್ತವೆ. ತೊಂದರೆ ಇರೋದು ಕಣ್ಣಿಗೆ ಕಾಣದ್ದರಲ್ಲಿ. ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟ ಕ್ಲಾಸಿನಲ್ಲೇ. ಮಕ್ಕಳೇ ಬಿಳಿ ಟೋಪಿ, ಏಪ್ರನ್ ಹಾಕಿಕೊಂಡು ಬಡಿಸುತ್ತಾರೆ, ಟೀಚರಿಗೂ ಅದೇ ಊಟ. ನಾನು ಹೋದ ಹೊಸದರಲ್ಲಿ ಮಿಸೊ ಅನ್ನೋ ಸೋಯಾ ಸಾರು ಕಂಡು ಖುಷಿಪಟ್ಟೆ. ಅದರಲ್ಲಿ ತೋಫು (ಸೋಯಾ ಪನೀರು), ಈರುಳ್ಳಿ ಸೊಪ್ಪು, ಸಮುದ್ರದ ಪಾಚಿ, ಇನ್ನೇನು ಬೇಕು? ಮೂರು ವಾರ ಕುಡಿದೆ. ಒಂದಿನ ಅಡುಗೆಮನೆ ಕಡೆ ಹೋದರೆ ಅಲ್ಲಿನ ಹೆಂಗಸು ದೊಡ್ಡ ಚೀಲದಿಂದ ಹಂಡೆಯಂಥ ಪಾತ್ರೆಗೆ ಏನೋ ಸುರಿಯುತ್ತಿದ್ದಾಳೆ, ಬಡಿಗೇರನ ಅಂಗಡಿಯಲ್ಲಿ ಬಿದ್ದಿರುತ್ತಲ್ಲ ಕಟ್ಟಿಗೆಯ ತೆಳು ಸಿಪ್ಪೆ, ಥೇಟ್ ಹಾಗೇ. ಅದು ಹೊಗೆ ಹಾಕಿ ಒಣಗಿಸಿದ ಮೀನು! ಅದನ್ನು ಕುದಿಸಿದ ನೀರಿಗೆ ದಾಶಿ ಅಂತಾರೆ. ಸಾರು, ನೂಡಲ್ಸ್, ಬೇಯಿಸಿದ ಕುಂಬಳಕಾಯಿ, ಬಹುತೇಕ ಎಲ್ಲದಕ್ಕೂ ಅದೇ ಬುನಾದಿ. ನನಗೆ ಯಾರೂ ಮೋಸ ಮಾಡಿರಲಿಲ್ಲ. ‘ನಿಕು (ಮಾಂಸ) ತಿನ್ನಲ್ಲ’ ಅಂತ ನಾನೇ ಹೇಳಿದ್ದೆ, ಅವರ ಲೆಕ್ಕದಲ್ಲಿ ಮೀನು ನಿಕು ಅಲ್ಲ.

ಮನೆಯಿಂದ ಡಬ್ಬಿ ತರಲಾ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿದೆ. ಅವರು ಹಲ್ಲಿನ ಸಂದಿಯಿಂದ ‘ಸ್ಸ್‌’ ಅಂತ ಉಸಿರೆಳೆದು, ತಲೆ ವಾರೆ ಮಾಡಿ, ‘ಚೊತ್ತೊ...’ ಅಂದರು. ಚೊತ್ತೊ ಅಂದ್ರೆ ‘ಸ್ವಲ್ಪ’ ಅಂತ ಪುಸ್ತಕದಲ್ಲಿ ಓದಿದ್ದೆ, ಸ್ವಲ್ಪ ತಾಳಿ ಅಂತಿದ್ದಾರೆ ಅಂದುಕೊಂಡು ಒಂದು ವಾರ ಕಾದೆ. ಕೊನೆಗೆ ಜೊತೆಗಿದ್ದ ಟೀಚರ್ ಮೆಲ್ಲಗೆ ಹೇಳಿದರು, ಅದು ‘ಆಗಲ್ಲ’ ಅಂತ. ನಮ್ಮ ಕಡೆ ಆಗಂಗಿಲ್ಲ ಅಂದ್ರೆ ಆಗಂಗಿಲ್ಲ, ಮುಗೀತು! ಆಮೇಲೆ ಅದೇ ಟೀಚರ್ ತಿಂಗಳ ಊಟದ ಪಟ್ಟಿ ಹಿಡಿದು ಎಲ್ಲರ ಹತ್ತಿರ ಮಾತಾಡಿ ಒಪ್ಪಿಸಿದರು. ಮೊದಲ ದಿನ ಡಬ್ಬಿಯಿಂದ ಜೋಳದ ಖಡಕ್ ರೊಟ್ಟಿ ತೆಗೆದು ಲಟಕ್ ಅಂತ ಮುರಿದೆ, ಇಡೀ ಕ್ಲಾಸು ತಿರುಗಿ ನೋಡಿತು. ‘ಸೆನ್‌ಬೇ!’ ಅಂತ ಒಬ್ಬ ಕೂಗಿದ. ಅವರ ಅಕ್ಕಿ ಬಿಸ್ಕೀಟು ಅದು.

ಹಾಗಾಗಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಳಿಸಿ. ‘ದಾಶಿಯೂ ಬೇಡ’ ಅನ್ನೋದನ್ನು ಜಪಾನಿಯಲ್ಲಿ ಬರೆಸಿ ಜೇಬಲ್ಲಿ ಇಟ್ಟುಕೊಳ್ಳಲಿ. ಕೊಂಬು ಅನ್ನೋ ಪಾಚಿಯಿಂದಲೂ ದಾಶಿ ಮಾಡುತ್ತಾರೆ, ಮನೆಯಲ್ಲಿ ಅದರಲ್ಲೇ ಸಾರು ಮಾಡಿಕೊಳ್ಳಲಿ.

ಪ್ರಶ್ನೆ: ಅಷ್ಟು ಮುಂದುವರಿದ ದೇಶ, ಮಕ್ಕಳಿಗೆ ಇಂಗ್ಲಿಷ್ ಯಾಕೆ ಬರಲ್ಲ? (ಗೋಕಾಕ)

ಉತ್ತರ: ಬರಲ್ಲ ಅಂತಲ್ಲ, ಬಾಯಿ ಬಿಡಲ್ಲ. 2020ರಿಂದ ಐದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯ, ಮೂರನೇ ತರಗತಿಯಿಂದ ಹಾಡು, ಆಟ. ಹೈಸ್ಕೂಲ್ ಪ್ರವೇಶ ಪರೀಕ್ಷೆ ಹತ್ತಿರ ಬಂದಂತೆ ವ್ಯಾಕರಣ ಜಾಸ್ತಿ, ಮಾತು ಕಡಿಮೆ. ನಿಮ್ಮೂರ ಶಾಲೆಯಲ್ಲಿ ಪ್ರಶ್ನೆ ಮುಗಿಯೋ ಮೊದಲೇ ‘ನಾ ಹೇಳ್ತೀನ್ರಿ ಟೀಚರ್’ ಅಂತ ಇಪ್ಪತ್ತು ಕೈ ಏಳುತ್ತವೆ, ಅರ್ಧದಷ್ಟು ಮಂದಿಗೆ ಉತ್ತರ ಗೊತ್ತಿರಲ್ಲ. ಅಲ್ಲಿ ಎಲ್ಲರಿಗೂ ಗೊತ್ತಿರುತ್ತೆ, ಒಂದು ಕೈಯೂ ಏಳಲ್ಲ. ತಪ್ಪಾದರೆ ಅನ್ನೋ ಭಯ, ಒಬ್ಬನೇ ಎದ್ದು ಕಾಣ್ತೀನಿ ಅನ್ನೋ ನಾಚಿಕೆ. ಬಿಡುವಿನಲ್ಲಿ ಮಾತ್ರ ಕಾರಿಡಾರಿನಲ್ಲಿ ಹಿಂದೆ ಓಡಿ ಬಂದು ‘ಹಲೋ’ ಅಂದು ಅಷ್ಟೇ ಜೋರಾಗಿ ಓಡಿಹೋಗೋರು.

ಪ್ರಶ್ನೆ: ಜಪಾನಿನವರು ಬೈಯೋದೇ ಇಲ್ಲವಂತೆ, ಹೌದಾ? (ಇಳಕಲ್)

ಉತ್ತರ: ಹೌದು, ಅದೇ ಕಷ್ಟ! ಅಲ್ಲಿ ನಾನಿದ್ದ ಊರಲ್ಲಿ ಕಸದ ಚೀಲದ ಮೇಲೆ ಮನೆಯವರ ಹೆಸರು ಬರೆಯಬೇಕಿತ್ತು. ನಾನು ಒಂದು ಸಲ ಪ್ಲಾಸ್ಟಿಕ್ ಬಾಟಲಿಗಳನ್ನು ಮುಚ್ಚಳ ಸಮೇತ ಬೇರೆ ಕಸದಲ್ಲಿ ಹಾಕಿಬಿಟ್ಟೆ. ಗಾಡಿಯವರು ಎಲ್ಲ ಚೀಲ ಒಯ್ದರು, ನನ್ನದಕ್ಕೆ ಮಾತ್ರ ಕೆಂಪು ಚೀಟಿ ಅಂಟಿಸಿ ಬಿಟ್ಟು ಹೋದರು. ಸಂಜೆ ಶಾಲೆಯಿಂದ ಬರೋ ತನಕ ಅದು ನನ್ನ ಹೆಸರು ಹೊತ್ತು ರಸ್ತೆ ಬದಿ ಕೂತಿತ್ತು. ಅಲ್ಲಿ ಹಾದುಹೋದವರು ಯಾರೂ ಒಂದು ಮಾತು ಆಡಲಿಲ್ಲ. ಬೆಳಗಾವಿಯ ನಮ್ಮ ಓಣಿ ಆಗಿದ್ದರೆ ಎದುರು ಮನೆಯವರು ಕಟ್ಟೆ ಮೇಲೆ ನಿಂತೇ ಜಾಡಿಸಿ, ಐದು ನಿಮಿಷಕ್ಕೆ ಚಹಾ ಕುಡಿಸಿ ಕಳಿಸುತ್ತಿದ್ದರು. ಮಾರನೇ ದಿನ ಪಕ್ಕದ ಮನೆಯ ಅಜ್ಜಿ ನಾಲ್ಕು ಮೂಲಂಗಿ ಹಿಡಿದು ಬಂದರು. ಚೀಲದ ಬಗ್ಗೆ ಏನೂ ಕೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ಒಂದು ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸಿ ಆ ಕಡೆ ಇಟ್ಟರು, ಸುತ್ತಲಿನ ಲೇಬಲ್ ಸುಲಿದು ಈ ಕಡೆ ಇಟ್ಟರು, ಬಾಟಲಿ ತೊಳೆದು ಮಧ್ಯೆ ಇಟ್ಟರು. ಆಮೇಲೆ ಎರಡನೇ ಬಾಟಲಿ ನನ್ನ ಕೈಗೆ ಕೊಟ್ಟರು.