ಬಾಕಿ ಕೇಳಲು ಹೆದರಿದ ಹುಡುಗಿ

ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ. ಅವಳನ್ನು ಸುಮಾ ಅನ್ನೋಣ. ವಯಸ್ಸು 20, ಧಾರವಾಡದ ಕಡೆಯವಳು, ಬಿ.ಕಾಂ. ಓದುತ್ತಾಳೆ. "ಮೇಡಂ, ರಾತ್ರಿ ನಿದ್ದಿನೇ ಬರವಲ್ದು, ಎದಿ ಡವಡವ ಅಂತೈತ್ರಿ" ಎಂದು ಆಪ್ತಸಲಹೆಗೆ ನನ್ನ ಬಳಿ ಬಂದಿದ್ದಳು. ಪರೀಕ್ಷೆಯ ಭಯ ಇರಬೇಕು ಅಂದುಕೊಂಡೆ. ಅದಲ್ಲ.

ಪಿಯುಸಿಯಲ್ಲಿದ್ದಾಗ, 17ನೇ ವಯಸ್ಸಿಗೇ, ಅವ್ವ ಮಾಡಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಚೀಲಕ್ಕೆ ಹಾಕಿಕೊಂಡು ಅಂಗಡಿ ಅಂಗಡಿ ತಿರುಗಿದ ಹುಡುಗಿ ಇವಳು. ಈಗ ಓಣಿಯ ನಾಲ್ಕು ಹೆಂಗಸರು ಇವಳಿಗೆ ರೊಟ್ಟಿ ಬಡಿದು ಕೊಡುತ್ತಾರೆ. ಒಂಬತ್ತು ಅಂಗಡಿ, ಎರಡು ಖಾನಾವಳಿಗೆ ಮಾಲು ಹೋಗುತ್ತದೆ. ಮಾತಿನಲ್ಲಿ ಜೋರು, ಗಿರಾಕಿಗಳಿಗೆ ಅಚ್ಚುಮೆಚ್ಚು. ಆದರೆ ಹೊರಗೆ ಉದ್ರಿ ನಿಂತಿದ್ದು 41,000 ರೂಪಾಯಿ. ಅದರಲ್ಲಿ 16,000 ಅಪ್ಪನ ಗೆಳೆಯರೊಬ್ಬರ ಅಂಗಡಿಯದು. ಮೊದಲು ಇವಳ ಮಾಲು ಇಟ್ಟುಕೊಂಡವರೇ ಆ ಕಾಕಾ. ರೊಟ್ಟಿ ಮಾಡುವವರಿಗೆ ಶನಿವಾರ ತಪ್ಪದೆ ಪಗಾರ ಕೊಡಬೇಕಲ್ಲ, ಅದಕ್ಕೆ ಅವ್ವನ ಬೆಂಡೋಲೆ ಒತ್ತೆ ಹೋಗಿತ್ತು.

"ಕಾಕಾಗ ರೊಕ್ಕ ಕೇಳಿದ್ರ ಏನ್ ತಿಳ್ಕೋತಾರ್ರಿ?" ಇದೊಂದೇ ಪ್ರಶ್ನೆ ಅವಳದು.

ಮೊದಲು ನಾನು, ಫೋನಿನಲ್ಲಿ ಬಾಕಿ ಲೆಕ್ಕ ಬರೆದು ಕಳಿಸು ಎಂದೆ. ಕಳಿಸಿದಳು. ಯಾರೂ ಉತ್ತರ ಕೊಡಲಿಲ್ಲ, ಅವಳ ಕಳವಳ ಇನ್ನೂ ಜಾಸ್ತಿಯಾಯಿತು. ಎದುರು ನಿಂತು ಬೆಳೆಸಿದ ಸಂಬಂಧದಲ್ಲಿ ಎದುರು ನಿಂತೇ ಕೇಳಬೇಕಿತ್ತು.

ಮುಂದಿನ ಸಲ ನಾನೇ ಕಾಕಾ ಆಗಿ ಕೂತೆ. ಅವಳು ಕೇಳಬೇಕು. "ತಪ್ಪ ತಿಳ್ಕೋಬ್ಯಾಡ್ರಿ ಕಾಕಾ..." ಎಂದು ಶುರು ಮಾಡಿ, ನಕ್ಕು, ನಾನು ಬಾಯಿ ತೆರೆಯುವ ಮೊದಲೇ "ಇರ್ಲಿ ಬಿಡ್ರಿ, ಮುಂದಿನ ವಾರ ಕೊಡ್ರಿ" ಅಂದುಬಿಟ್ಟಳು! ವಾಯಿದೆಯನ್ನು ಅವಳೇ ಕೊಟ್ಟು ಬರುತ್ತಿದ್ದಳು, ಮೂರು ವರ್ಷದಿಂದ. ಕೇಳಿದ ಮೇಲೆ ಬರುವ ಆ ಐದು ಸೆಕೆಂಡಿನ ಮೌನ ತಡೆಯಲು ಅವಳಿಗೆ ಆಗುತ್ತಿರಲಿಲ್ಲ. ಏಳು ಸಲ ಅಭ್ಯಾಸ ಮಾಡಿದೆವು. ಕೊನೆಗೆ ಉಳಿದ ಮಾತು ಇಷ್ಟು: "ಕಾಕಾ, ಹಳೇ ಬಾಕಿ 16,000 ಐತ್ರಿ. ಶನಿವಾರ ಪಗಾರ ಕೊಡಬೇಕು. ಇವತ್ತ ಎಷ್ಟ ಕೊಡ್ತೀರಿ?" ಆಮೇಲೆ ಸುಮ್ನೆ ನಿಲ್ಲುವುದು.

ಇನ್ನೊಂದು ವಿಷಯ ತಡವಾಗಿ ತಿಳಿಯಿತು. 18 ತುಂಬದವರು ಮಾಡಿಕೊಂಡ ಕರಾರು 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಆಗ ಬಿಲ್ಲು, ಖಾತೆ ಎಲ್ಲ ಅವ್ವನ ಹೆಸರಲ್ಲಿ ಮಾಡಿದ್ದರು. ಈಗಲೂ ಹಾಗೇ ಇದೆ. ತಾನು ಅವ್ವ ಕಳಿಸಿದ ಮಗು ಎಂದೇ ಇವಳು ಅಂಗಡಿ ಮೆಟ್ಟಿಲು ಹತ್ತುತ್ತಿದ್ದಳು. ನಿನ್ನ ಹೆಸರಲ್ಲಿ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಮಾಡಿಸು, ಅದಕ್ಕೆ ದುಡ್ಡು ಕಟ್ಟಬೇಕಿಲ್ಲ, ಬಿಲ್ಲಿನ ಮೇಲೆ ನಿನ್ನ ಹೆಸರು ಹಾಕು ಎಂದೆ. ನೋಂದಾಯಿತ ಸಣ್ಣ ಉದ್ದಿಮೆಯ ಮಾಲಿಗೆ ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು ಎಂದು 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ, ಹೇಳುತ್ತದೆ. ಇದನ್ನು ಕಾಕಾನ ಮುಂದೆ ಹಿಡಿಯಬೇಡ ಎಂದೂ ಹೇಳಿದೆ. ಕೇಳುವುದು ಭಿಕ್ಷೆಯಲ್ಲ ಎಂದು ಅವಳಿಗೆ ಗೊತ್ತಿದ್ದರೆ ಸಾಕಿತ್ತು.

ಅಪ್ಪ ತಾವೇ ಹೋಗಿ ಮಾತಾಡುತ್ತೇನೆ ಎಂದರು. ಬೇಡ ಅಂದೆ. ಅವರು ಹೋದರೆ ಬಾಕಿ ಬರಬಹುದು, ಆದರೆ ಇವಳು ಮತ್ತೆ ಮಗುವಾಗುತ್ತಾಳೆ.

ಅತಿ ಚಿಕ್ಕ ಬಾಕಿಯಿಂದ ಶುರು ಮಾಡಿಸಿದೆ, 600 ರೂಪಾಯಿ. ಹಳೇ ಬಿಲ್ಲು ಚುಕ್ತಾ ಆದ ಮೇಲೆ ಹೊಸ ಮಾಲು ಎಂಬ ಮಾತನ್ನು ಎಲ್ಲ ಅಂಗಡಿಗೂ ಒಂದೇ ವಾರದಲ್ಲಿ ಹೇಳಲು ತಿಳಿಸಿದೆ, ಒಬ್ಬರಿಗಷ್ಟೇ ಹೇಳಿದರೆ ಅವರಿಗೆ ಬೇಜಾರಾಗುತ್ತದೆ ಅಲ್ವಾ. ವಸೂಲಿ ಇಲ್ಲದ ದಿನವೂ ಹೋಗಿ ಮಾತಾಡಿಸಿ ಬಾ ಎಂದೆ.

ಆರನೇ ವಾರ ಕಾಕಾನ ಅಂಗಡಿಗೆ ಹೋದಳು. ಕೇಳಿ, ಸುಮ್ಮನೆ ನಿಂತಳು. ಕಾಕಾ ಗಲ್ಲಾ ತೆಗೆದು 8,000 ಎಣಿಸಿದರು, "ಯಾಕವ್ವಾ, ಮೊದಲ ಹೇಳಬಾರದಿತ್ತೇನು" ಎಂದರಂತೆ. ಒಂದು ಖಾನಾವಳಿಯವರು ಮಾತ್ರ ಮುನಿಸಿಕೊಂಡು ಮಾಲು ನಿಲ್ಲಿಸಿದರು. ಆ ದಿನ ನನ್ನ ಮುಂದೆ ಕೂತು ಅತ್ತಳು. ನಾನೂ ಸುಮ್ಮನಿದ್ದೆ. ಆಮೇಲೆ ಕಣ್ಣು ಒರೆಸಿಕೊಂಡು, ಆ ಖಾನಾವಳಿಯ 3,200ಕ್ಕೆ ಮತ್ತೆ ಯಾವಾಗ ಹೋಗಲಿ ಎಂದು ಕೇಳಿದಳು.