ಮ್ಯೂನಿಕ್‌ನ ಬೇಸಿಗೆ: ಬೀದರಿನ ತಂಗಿಗೆ ಉತ್ತರ

ನೀವು ನನ್ನನ್ನು ಅಣ್ಣಾ ಎಂದು ಕರೆದು ಬರೆದಿದ್ದೀರಿ, ಆದ್ದರಿಂದ ತಂಗಿ ಎನ್ನಲು ನನಗೂ ಸಂಕೋಚವಿಲ್ಲ. ಕಳೆದ ಅಕ್ಟೋಬರಿನಲ್ಲಿ ಬೀದರಿನಿಂದ ಜರ್ಮನಿಯ ಮ್ಯೂನಿಕ್‌ಗೆ ಬಂದು, ಒಂದು ಚಳಿಗಾಲವನ್ನು ಹೇಗೋ ಕಳೆದು, ಈಗ ಬರುತ್ತಿರುವ ಬೇಸಿಗೆಯ ಬಗ್ಗೆ ಎರಡು ಪ್ರಶ್ನೆ ಕೇಳಿದ್ದೀರಿ: ಮಾವಿನ ಹಣ್ಣಿಲ್ಲದ, ಕುಲ್ಫಿ ಗಾಡಿಯ ಗಂಟೆ ಕೇಳಿಸದ, ಅಜ್ಜಿಯ ಊರಿಲ್ಲದ ಆ ಬೇಸಿಗೆಯಲ್ಲಿ ಮಾಡುವುದಾದರೂ ಏನು, ಮತ್ತು ಜುಲೈ-ಆಗಸ್ಟಿನಲ್ಲಿ ಸುಮ್ಮನೆ ಊರಿಗೆ ಟಿಕೆಟ್ ತೆಗೆದುಬಿಡುವುದೇ ಒಳ್ಳೆಯದಲ್ಲವೇ ಎಂದು. ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ: ತೆಗೆಯಬೇಡಿ. ಆ ದುಡ್ಡನ್ನು ಎಳ್ಳಮಾವಾಸ್ಯೆಗೆ ಇಟ್ಟುಕೊಳ್ಳಿ. ಮ್ಯೂನಿಕ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಹೊತ್ತು ಮುಳುಗುವ ಆ ದಿನಗಳಲ್ಲಿ ನಮ್ಮ ಹೊಲಗಳಲ್ಲಿ ಜೋಳ ನಿಂತಿರುತ್ತದೆ, ಕಡಲೆ ಹಸಿರಾಗಿರುತ್ತದೆ. ಊರಿಗೆ ಬರಬೇಕಾದದ್ದು ಆಗ.

ನಾನೂ ಮ್ಯೂನಿಕ್‌ನಲ್ಲೇ ಇರುವವನು, ಆದರೆ ಇದನ್ನು ಬರೆಯುತ್ತಿರುವುದು ಕಲಬುರಗಿಯ ನಮ್ಮ ಮನೆಯಲ್ಲಿ ಕೂತು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಶಾಲೆಗಳಿಗೆ ಪೆಂಟಕೋಸ್ಟ್ ಎಂಬ ಕ್ರೈಸ್ತರ ಹಬ್ಬದ ಎರಡು ವಾರದ ರಜೆ ಇರುವುದರಿಂದ ಮಕ್ಕಳನ್ನು ಕರೆದುಕೊಂಡು ಬಂದಿದ್ದೇನೆ. ಹೊರಗೆ 42 ಡಿಗ್ರಿ ಬಿಸಿಲು. ಕಿಟಕಿ ಮುಚ್ಚಿದೆ, ಕೂಲರಿನ ಹುಲ್ಲಿನ ಮೇಲೆ ನೀರು ಹನಿಯುತ್ತಿದೆ, ಮಕ್ಕಳು ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಮೈಯಲ್ಲಿ ಬಿದ್ದುಕೊಂಡಿದ್ದಾರೆ, ಅವ್ವ ಗಡಿಗೆಯ ಮಜ್ಜಿಗೆಗೆ ಜೀರಿಗೆ ಪುಡಿ ಕಲಸುತ್ತಿದ್ದಾಳೆ. ಸಂಜೆ ಐದೂವರೆಯವರೆಗೆ ಈ ಮನೆಯಿಂದ ಯಾರೂ ಹೊರಗೆ ಹೆಜ್ಜೆ ಇಡುವುದಿಲ್ಲ. ಆಮೇಲೆ ಕಬ್ಬಿನ ಹಾಲು, ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ. ನಮ್ಮ ಬೇಸಿಗೆಯ ಸುಖವೆಲ್ಲ ನೆರಳಿನಲ್ಲಿದೆ, ಬಿಸಿಲು ತಪ್ಪಿಸಿಕೊಳ್ಳಬೇಕಾದ ವಸ್ತು. ಮ್ಯೂನಿಕ್‌ನಲ್ಲಿ ಇದು ತಿರುಗುಮುರುಗಾಗಿದೆ ಎಂಬುದು ತಿಳಿಯಲು ನನಗೆ ಪೂರ್ತಿ ಎರಡು ಬೇಸಿಗೆ ಹಿಡಿಯಿತು. ಮೊದಲ ವರ್ಷದ ಜೂನ್ ತಿಂಗಳ ಒಂದು ಶನಿವಾರ, ನೀಲಿ ಆಕಾಶ, ಹೆಚ್ಚೆಂದರೆ 27 ಡಿಗ್ರಿ ಇದ್ದ ದಿನ, ನಾನು ಊರಿನ ರೂಢಿಯಂತೆ ಕಿಟಕಿಯ ಷಟರ್ ಕೆಳಗಿಳಿಸಿ, ಊಟ ಮಾಡಿ ಮಲಗಿಬಿಟ್ಟಿದ್ದೆ. ನಾಲ್ಕು ಗಂಟೆಗೆ ಎದುರು ಮನೆಯ ಅಜ್ಜಿ ಗಂಟೆ ಒತ್ತಿ, ಮೈಗೆ ಹುಷಾರಿಲ್ಲವೇ, ಔಷಧಿ ಏನಾದರೂ ಬೇಕೇ ಎಂದು ವಿಚಾರಿಸಿದರು. ಅಂಥ ದಿನದಲ್ಲಿ ಕಾಯಿಲೆಯವರಲ್ಲದೆ ಬೇರೆ ಯಾರೂ ಮನೆಯೊಳಗೆ ಇರುವುದಿಲ್ಲ ಎಂಬುದು ಅವರ ಲೆಕ್ಕ.

ಹಾಗಾಗಿ ನೀವು ಮೊದಲು ಬದಲಿಸಿಕೊಳ್ಳಬೇಕಾದದ್ದು ಗಡಿಯಾರವನ್ನು. ಜೂನ್ ಕೊನೆಯಲ್ಲಿ ಮ್ಯೂನಿಕ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಕಾಲರ ಸುಮಾರಿಗೆ; ಕಲಬುರಗಿಯಲ್ಲಿ ಏಳಕ್ಕೆ ಮೊದಲೇ ದೀಪ ಹಚ್ಚಿರುತ್ತಾರೆ. ಐದು ಗಂಟೆಗೆ ಕಚೇರಿ ಬಿಟ್ಟರೆ ಇನ್ನೂ ನಾಲ್ಕು ತಾಸಿನ ಬೆಳಕು ಬಾಕಿ ಇರುತ್ತದೆ, ಅಂದರೆ ವಾರದ ಪ್ರತಿದಿನವೂ ಅರ್ಧ ರಜೆ ಇದ್ದಂತೆ. ಇಸಾರ್ ನದಿಯ ದಂಡೆಗೆ ಒಂದು ಚಾದರ, ಒಂದು ಪುಸ್ತಕ, ಒಂದು ಡಬ್ಬಿ ಸುಸಲಾ ತೆಗೆದುಕೊಂಡು ಹೋಗಿ ಕೂಡಲು ಯಾರ ಅಪ್ಪಣೆಯೂ ಬೇಕಿಲ್ಲ, ಒಂದು ಪೈಸೆ ಖರ್ಚೂ ಇಲ್ಲ. ಆದರೆ ಸಂಜೆ ದಿಢೀರನೆ ಗುಡುಗು ಮಳೆ ಬಂದು, ಅರ್ಧ ತಾಸಿನಲ್ಲಿ ಸ್ವೆಟರ್ ಬೇಕೆನ್ನುವಷ್ಟು ತಂಪಾಗುವುದುಂಟು, ಆದ್ದರಿಂದ ಚೀಲದಲ್ಲಿ ಒಂದು ಜಾಕೆಟ್ ಇರಲಿ. ಒಂದೆರಡು ವಾರ 34-35 ಡಿಗ್ರಿ ಆಗುವುದೂ ಇದೆ. ಅಲ್ಲಿನ ಹೆಚ್ಚಿನ ಮನೆಗಳಲ್ಲಿ ಎಸಿ ಇರುವುದಿಲ್ಲ, ಆಗ ಮಾತ್ರ ನಮ್ಮ ಊರಿನ ವಿದ್ಯೆಯೇ ಗೆಲ್ಲುತ್ತದೆ: ಹಗಲು ಷಟರ್ ಮುಚ್ಚಿ, ರಾತ್ರಿ ಕಿಟಕಿ ತೆರೆಯಿರಿ.

ಕುಲ್ಫಿಯ ವಿಷಯಕ್ಕೆ ಬರುತ್ತೇನೆ. ಕುಲ್ಫಿ ಗಾಡಿ ಬರುವುದಿಲ್ಲ ಎಂಬುದು ನಿಜ, ಬರ್ಫಿನ ಗೋಲಾ ಅಂತೂ ಕನಸಿನ ಮಾತು, ಆದರೆ ಐಸ್‌ಕ್ರೀಮಿನ ಮಟ್ಟಿಗೆ ಜರ್ಮನಿ ಬಡ ದೇಶವಲ್ಲ. ಪ್ರತಿ ಬಡಾವಣೆಯಲ್ಲೂ ಒಂದು ‘ಐಸ್‌ಡೀಲೆ’ ಇರುತ್ತದೆ, ಹೆಚ್ಚಿನವನ್ನು ನಡೆಸುವವರು ಇಟಲಿಯ ಮೂಲದ ಕುಟುಂಬಗಳು. ಅವರಲ್ಲಿ ಅನೇಕರ ಹಿರಿಯರು ಉತ್ತರ ಇಟಲಿಯ ಡೋಲೋಮೈಟ್ ಬೆಟ್ಟಗಳ ಕಣಿವೆಗಳಿಂದ ಈ ಕಸುಬನ್ನು ಹೊತ್ತು ತಂದವರು, ಅಂದರೆ ನಮ್ಮ ನಿಮ್ಮ ಹಾಗೆ ಹೊಟ್ಟೆಪಾಡಿಗೆ ಬಂದವರೇ. ಬಹಳಷ್ಟು ಅಂಗಡಿಗಳು ಚಳಿಗಾಲದಲ್ಲಿ ಬಾಗಿಲು ಹಾಕಿ ವಸಂತದಲ್ಲಿ ತೆರೆಯುತ್ತವೆ. ಐಸ್‌ಕ್ರೀಮಿನ ಒಂದು ಉಂಡೆಗೆ ‘ಕೂಗೆಲ್’ ಎನ್ನುತ್ತಾರೆ, ಈಗ ಸುಮಾರು ಎರಡು ಯೂರೋ. ಅದನ್ನು ರೂಪಾಯಿಗೆ ಪರಿವರ್ತಿಸುವ ಚಟವನ್ನು ಐಸ್‌ಡೀಲೆಯ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕು, ಇಲ್ಲದಿದ್ದರೆ ಬಾಯಲ್ಲಿಟ್ಟದ್ದು ಕಹಿಯಾಗುತ್ತದೆ. ಮೊದಲ ಸಲ ಹೋದಾಗ ‘ಸ್ಪಾಘೆಟ್ಟಿ ಐಸ್’ ಕೇಳಿ. 1969ರಲ್ಲಿ ಮನ್‌ಹೈಮ್ ಊರಿನ ಡಾರಿಯೋ ಫೊಂಟನೆಲ್ಲಾ ಎಂಬವರು ಇದನ್ನು ಮಾಡಿದರು: ತಟ್ಟೆಯಲ್ಲಿ ಮೊದಲು ನೊರೆಗೆನೆ ಹಾಕಿ, ವೆನಿಲ್ಲಾ ಐಸ್‌ಕ್ರೀಮನ್ನು ನಮ್ಮ ಶಾವಿಗೆಯ ಒರಳಿನಂಥ ಒತ್ತಿನಲ್ಲಿ ಹಾಕಿ ಎಳೆಯೆಳೆಯಾಗಿ ಅದರ ಮೇಲೆ ಇಳಿಸಿ, ಸ್ಟ್ರಾಬೆರಿಯ ಕೆಂಪು ರಸ ಸುರಿದು, ಮೇಲೆ ಬಿಳಿ ಚಾಕೊಲೇಟಿನ ತುರಿ ಉದುರಿಸುತ್ತಾರೆ. ಅದರ ರುಚಿ ಇರುವುದು ತಳದಲ್ಲಿ. ಐಸ್‌ಕ್ರೀಮಿನ ತಂಪಿಗೆ ಕೆಳಗಿನ ಕೆನೆ ಅರ್ಧ ಹೆಪ್ಪುಗಟ್ಟಿ, ಚಮಚ ಹಾಕಿದರೆ ತೆಳುವಾಗಿ ಕಟುಮ್ಮೆನ್ನುತ್ತದೆ. ಅವ್ವ ಮ್ಯೂನಿಕ್‌ನ ನಮ್ಮ ಮನೆಗೆ ಬಂದಾಗ ಅದನ್ನು ಮುಂದಿಟ್ಟರೆ ಎರಡು ನಿಮಿಷ ಮುಟ್ಟಲಿಲ್ಲ. “ಇದೇನೋ ತಮ್ಮಾ, ಶಾವಿಗಿ ಬಸದು ಮ್ಯಾಲೆ ಕೆಂಪ ಸಾರು ಸುರದಾರ!” ಎಂದಳು. ಆಮೇಲೆ ತಟ್ಟೆ ಖಾಲಿಯಾದದ್ದು ಬೇರೆ ಮಾತು.

ಇನ್ನು ‘ಬಿಯರ್‌ಗಾರ್ಟನ್’ (ಬಿಯರ್ ತೋಟ) ಎಂಬ ಹೆಸರು ಕೇಳಿ ನಮ್ಮ ಕಡೆಯ ಸಸ್ಯಾಹಾರಿ, ಕುಡಿಯದ ಮನೆಗಳ ಜನ ದೂರ ಉಳಿಯುತ್ತಾರೆ. ನಾನೂ ಉಳಿದಿದ್ದೆ, ಅದು ನನ್ನ ಇನ್ನೊಂದು ದಡ್ಡತನ. ಹಿಂದೆ ಬವೇರಿಯಾದಲ್ಲಿ ಬೇಸಿಗೆಯಲ್ಲಿ ಬಿಯರ್ ತಯಾರಿಸಲು ಅನುಮತಿ ಇರಲಿಲ್ಲ. ಚಳಿಗಾಲದಲ್ಲಿ ಮಾಡಿದ್ದನ್ನು ನೆಲಮಾಳಿಗೆಗಳಲ್ಲಿ ತುಂಬಿಟ್ಟು, ಮೇಲಿನ ನೆಲ ಕಾಯದಿರಲಿ ಎಂದು ಅಗಲ ಎಲೆಯ, ಬೇರು ಆಳಕ್ಕೆ ಇಳಿಯದ ಚೆಸ್ಟ್‌ನಟ್ ಮರಗಳನ್ನು ನೆಡುತ್ತಿದ್ದರು. ಜನ ಆ ನೆರಳಿಗೆ ಬಂದು ಕೂತು ಅಲ್ಲೇ ಕುಡಿಯತೊಡಗಿದಾಗ ಊರಿನ ಊಟದಂಗಡಿಯವರು ತಕರಾರು ಎತ್ತಿದರು. ಆಗ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ಯೋಸೆಫ್ 1812ರಲ್ಲಿ, ಬಿಯರ್ ಮಾರಬಹುದು, ಆದರೆ ಬ್ರೆಡ್ಡಿನ ಹೊರತು ಊಟ ಮಾರಕೂಡದು ಎಂದು ತೀರ್ಪು ಕೊಟ್ಟ. ಊಟ ಇಲ್ಲವೆಂದ ಮೇಲೆ ಜನ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಈಗ ಅಲ್ಲಿ ಊಟವನ್ನೂ ಮಾರುತ್ತಾರೆ, ಆದರೆ ಬುತ್ತಿಯ ಹಕ್ಕು ಹಾಗೆಯೇ ಉಳಿದಿದೆ. ಬಟ್ಟೆ ಹಾಸದ ಮೇಜು ನೋಡಿ ಕೂತುಕೊಳ್ಳಿ (ಬಟ್ಟೆ ಹಾಸಿದ್ದು ಬಡಿಸಿಕೊಂಡು ಉಣ್ಣುವವರಿಗೆ), ಕುಡಿಯಲು ಮಾತ್ರ ಅಲ್ಲಿಂದಲೇ ಕೊಳ್ಳಬೇಕು. ಸೇಬಿನ ರಸಕ್ಕೆ ಸೋಡಾ ಬೆರೆಸಿದ ‘ಆಪ್ಫೆಲ್‌ಶೋರ್ಲೆ’ ಸಾಕು. ನಾವು ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಬಿಚ್ಚಿಟ್ಟುಕೊಂಡು ಕೂತರೆ ಉದ್ದನೆಯ ಅದೇ ಮೇಜಿನ ಆಚೆ ತುದಿಯ ಕುಟುಂಬ ಮೂಲಂಗಿ, ಚೀಸ್, ಬ್ರೆಡ್ ಬಿಚ್ಚುತ್ತದೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಪಕ್ಕದ ಹೊಲದವರನ್ನು ಕರೆದು ಬಜ್ಜಿ, ಸಜ್ಜೆ ರೊಟ್ಟಿ ಹಂಚಿಕೊಳ್ಳುವ ನಿಮಗೆ ಈ ಪದ್ಧತಿಯನ್ನು ನಾನು ವಿವರಿಸಬೇಕಾಗಿಯೇ ಇಲ್ಲ. ಒಮ್ಮೆ ಒಬ್ಬ ಮುದುಕರು ನಮ್ಮ ಖಡಕ್ ರೊಟ್ಟಿ ಮುರಿಯುವ ಸಪ್ಪಳಕ್ಕೆ ತಿರುಗಿ ನೋಡಿ, ಒಂದು ತುಂಡು ಕೇಳಿ ತೆಗೆದುಕೊಂಡು, ಹಿಂಡಿಯ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತಲೇ ಇನ್ನೊಂದು ತುಂಡಿಗೆ ಕೈ ಚಾಚಿದ್ದರು.

ಕೆರೆಗಳ ಬಗ್ಗೆ ಹೇಳದಿದ್ದರೆ ಮ್ಯೂನಿಕ್‌ನ ಬೇಸಿಗೆಯ ಅರ್ಧ ಬಿಟ್ಟಂತೆ. ಎಸ್6 ಲೋಕಲ್ ರೈಲು ಹತ್ತಿದರೆ ಶ್ಟಾರ್ನ್‌ಬೆರ್ಗ್ ಕೆರೆಗೆ, ಎಸ್8 ಹತ್ತಿದರೆ ಅಮ್ಮರ್ ಕೆರೆಯ ದಂಡೆಯ ಹೆರ್ಷಿಂಗ್‌ಗೆ ಹೋಗಿ ಇಳಿಯಬಹುದು. ನೀರು ತಿಳಿಯಾಗಿದೆ, ಆದರೆ ಜೂನ್‌ನಲ್ಲಿ ಇನ್ನೂ ಕೊರೆಯುತ್ತದೆ. ನಿಮ್ಮ ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದವರು ನೀವು, ನೀರಿಗೆ ಹೆದರುವವರಲ್ಲ. ಆದರೂ ಈ ಕೆರೆಗಳಲ್ಲಿ ನೆಲ ಒಮ್ಮೆಲೇ ಆಳಕ್ಕೆ ಇಳಿಯುತ್ತದೆ, ಶ್ಟಾರ್ನ್‌ಬೆರ್ಗ್ ಕೆರೆಯ ಅತಿ ಆಳ 127 ಮೀಟರ್. ಈಜು ಬಾರದಿದ್ದರೆ ಮೊದಲು ಬಡಾವಣೆಯ ‘ಫ್ರೈಬಾಡ್’ ಎಂಬ ತೆರೆದ ಈಜುಕೊಳದಲ್ಲಿ ಕಲಿಯಿರಿ, ನಾನು ಮೂವತ್ತಾರನೆಯ ವಯಸ್ಸಿನಲ್ಲಿ ಎಂಟು ವರ್ಷದ ಮಕ್ಕಳ ಜೊತೆ ಕಲಿತೆ. ಇಂಗ್ಲಿಷ್ ಗಾರ್ಡನ್‌ನ ಒಂದು ಹುಲ್ಲುಗಾವಲಿನಲ್ಲಿ ಬಟ್ಟೆಯಿಲ್ಲದೆ ಬಿಸಿಲು ಕಾಯಿಸುವುದಕ್ಕೆ ನಿಯಮದ ಪ್ರಕಾರವೇ ಅವಕಾಶವಿದೆ. ಅತ್ತೆ-ಮಾವ ಬಂದಾಗ ಆ ದಾರಿ ತಪ್ಪಿಸಿ ಕರೆದೊಯ್ಯುವುದು ಒಳಿತು. ಹುಲ್ಲಿನಲ್ಲಿ ಉಣ್ಣೆ ಹುಳ ಹತ್ತುತ್ತದೆ, ಅದು ಮಿದುಳಿನ ಜ್ವರ ತರಬಲ್ಲದು, ಬವೇರಿಯಾ ಆ ಜ್ವರದ ಅಪಾಯವಿರುವ ಪ್ರದೇಶ. ನಿಮ್ಮ ವೈದ್ಯರ ಬಳಿ ಅದರ ಲಸಿಕೆ ಈಗಲೇ ಶುರು ಮಾಡಿಸಿ.

ವಾರಾಂತ್ಯದ ಪ್ರಯಾಣಕ್ಕೆ ‘ಡಾಯ್ಚ್‌ಲಾಂಡ್ ಟಿಕೆಟ್’ ತೆಗೆದಿಟ್ಟುಕೊಳ್ಳಿ. 2022ರ ಜೂನ್‌ನಿಂದ ಆಗಸ್ಟ್‌ವರೆಗೆ ಸರ್ಕಾರ ತಿಂಗಳಿಗೆ ಒಂಬತ್ತೇ ಯೂರೋಗೆ ದೇಶವೆಲ್ಲ ಓಡಾಡುವ ಟಿಕೆಟ್ ಕೊಟ್ಟಿತ್ತು, ಆ ಮೂರು ತಿಂಗಳು ರೈಲುಗಳಲ್ಲಿ ನಮ್ಮ ಗಾಣಗಾಪುರದ ಹುಣ್ಣಿಮೆಯ ಬಸ್ಸಿನಷ್ಟು ಗದ್ದಲ. ಅದರ ತಮ್ಮನಂತೆ 2023ರ ಮೇ ತಿಂಗಳಲ್ಲಿ 49 ಯೂರೋಗೆ ಹುಟ್ಟಿದ್ದು ಇದು. 2025ರಲ್ಲಿ 58 ಆಯಿತು, 2026ರಿಂದ 63. ವೇಗದ ರೈಲುಗಳಲ್ಲಿ ನಡೆಯುವುದಿಲ್ಲ, ಉಳಿದ ಲೋಕಲ್ ಮತ್ತು ಪ್ರಾದೇಶಿಕ ರೈಲು, ಬಸ್ಸು, ಟ್ರಾಮುಗಳಲ್ಲಿ ನಡೆಯುತ್ತದೆ.

ಎಲ್ಲರೂ ನಿಮ್ಮನ್ನು ನೊಯ್‌ಶ್ವಾನ್‌ಸ್ಟೈನ್ ಅರಮನೆಗೆ ಎಳೆದೊಯ್ಯುತ್ತಾರೆ, ಹೋಗಿ ಬನ್ನಿ. ಕನ್ನಡ ಓದುವವರಿಗೆ ನಾನು ಹೇಳುವ ಊರು ಟ್ಯೂಬಿಂಗನ್. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಫರ್ಡಿನಾಂಡ್ ಕಿಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದು, 1903ರಲ್ಲಿ ತೀರಿಕೊಂಡದ್ದು ಅಲ್ಲಿ. ಬೆಳಗ್ಗೆ ಬೇಗ ಮ್ಯೂನಿಕ್ ಬಿಟ್ಟು, ಉಲ್ಮ್ ದಾಟಿ, ರೈಲು ಬದಲಿಸುತ್ತ ಹೋದರೆ ಮಧ್ಯಾಹ್ನದೊಳಗೆ ತಲುಪುತ್ತೀರಿ. ನೆಕಾರ್ ನದಿಯಲ್ಲಿ ಉದ್ದನೆಯ ಕೋಲು ಹಾಕಿ ನೂಕುವ ಮರದ ದೋಣಿಗಳಿವೆ. ನಾವು ಹೋದಾಗ ದೋಣಿಯಲ್ಲಿ ಕೂತು, ‘ಹಿಂಡಿ’ ಎಂಬ ಶಬ್ದಕ್ಕೆ ಕಿಟೆಲ್ ಏನು ಅರ್ಥ ಕೊಟ್ಟಿರಬಹುದು ಎಂದು ನಾನೂ ನನ್ನ ಹೆಂಡತಿಯೂ ಪಂದ್ಯ ಕಟ್ಟಿದ್ದೆವು; ಮನೆಗೆ ಬಂದು ಅವಳು ಪುಟ ತೆರೆದು ತೋರಿಸಿದ ಮೇಲೆ ಸೋತವನು ಆ ವಾರದ ಪಾತ್ರೆ ತಿಕ್ಕಿದ.

ಪುಸ್ತಕಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಬೀದಿಯ ಮೂಲೆಗಳಲ್ಲಿ, ಉದ್ಯಾನಗಳಲ್ಲಿ ಗಾಜಿನ ಬಾಗಿಲಿನ ಪುಸ್ತಕ ಕಪಾಟುಗಳಿರುತ್ತವೆ, ಬೇಕಾದದ್ದನ್ನು ಒಯ್ಯಬಹುದು, ಬೇಡವಾದದ್ದನ್ನು ಇಡಬಹುದು, ಕೇಳುವವರಿಲ್ಲ. ಮಕ್ಕಳ ಚಿತ್ರಪುಸ್ತಕಗಳಿಂದ ಶುರು ಮಾಡಿ. ನನ್ನ ಜರ್ಮನ್ ಕುದುರಿದ್ದು ತರಗತಿಯಲ್ಲಿ ಅಲ್ಲ, ನದಿಯ ದಂಡೆಯಲ್ಲಿ ಮಗಳಿಗೆ ತಪ್ಪುತಪ್ಪಾಗಿ ಓದಿ ಹೇಳಿ ಅವಳಿಂದ ತಿದ್ದಿಸಿಕೊಂಡದ್ದರಿಂದ. ನಿಮ್ಮ ಮಗ ಸ್ವಲ್ಪ ದೊಡ್ಡವನಾದ ಮೇಲೆ ಬ್ಲೂಟನ್‌ಬುರ್ಗ್ ಕೋಟೆಗೆ ಕರೆದುಕೊಂಡು ಹೋಗಿ. ನಿಮ್ಮ ಬೀದರಿನ ಕೋಟೆಯ ಮುಂದೆ ಅದು ಗೊಂಬೆಮನೆ, ಆದರೆ ಅದರೊಳಗಿರುವುದು ಅಂತಾರಾಷ್ಟ್ರೀಯ ಮಕ್ಕಳ ಗ್ರಂಥಾಲಯ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಹೋಗಬೇಕಾಗಿ ಬಂದ ಯೆಲ್ಲಾ ಲೆಪ್‌ಮನ್ ಎಂಬ ಪತ್ರಕರ್ತೆ, ಯುದ್ಧ ಮುಗಿದ ಮೇಲೆ ಮರಳಿ ಬಂದು 1949ರಲ್ಲಿ ಇದನ್ನು ಕಟ್ಟಿದರು. 1983ರಿಂದ ಅದು ಈ ಕೋಟೆಯಲ್ಲಿದೆ. ಕನ್ನಡದ ಓದಿಗೆ ಮಾತ್ರ ಊರೇ ಗತಿ. ನಾನು ಪ್ರತಿ ಸಲ ಕಲಬುರಗಿಯಿಂದ ನಾಲ್ಕೈದು ಕಾದಂಬರಿ ತರುತ್ತೇನೆ, ಅದರಲ್ಲೂ ನಮ್ಮ ಭಾಗದ ಮಾತಿನಲ್ಲೇ ಬರೆದವು ಮೊದಲು ಚೀಲ ಸೇರುತ್ತವೆ. ಓದಿ ಮುಗಿಸಿದವನ್ನು ನಿಮಗೆ ಕೊಡಬಲ್ಲೆ.

ಮಾವಿನ ಹಣ್ಣು ಒಂದೇ ಸಮಸ್ಯೆ. ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದ ಮಾವಿನ ಹಣ್ಣು, ಹಾಲಿನ ಪದಾರ್ಥ ಯುರೋಪಿನ ಒಕ್ಕೂಟದ ದೇಶಗಳೊಳಗೆ ತರುವಂತಿಲ್ಲ, ಸಿಕ್ಕಿಬಿದ್ದರೆ ಕಸದ ಬುಟ್ಟಿಗೆ. ಡಬ್ಬಿಯ ಮಾವಿನ ರಸಕ್ಕೆ ಹಾಲು, ಏಲಕ್ಕಿ ಬೆರೆಸಿದರೆ ಸೀಕರಣೆಯ ಹೆಸರಿಗೆ ಕುಂದಿಲ್ಲದಂತೆ ಆಗುತ್ತದೆ. ಅದಕ್ಕಿಂತ ಜೂನ್‌ನಲ್ಲಿ ಊರಾಚೆಯ ಸ್ಟ್ರಾಬೆರಿ ಹೊಲಗಳಿಗೆ ಹೋಗಿ. ನೀವೇ ಬಿಡಿಸಿಕೊಂಡು, ತೂಕ ಮಾಡಿಸಿ ದುಡ್ಡು ಕೊಡಬೇಕು, ಬಿಡಿಸುವಾಗ ಹೊಟ್ಟೆಗೆ ಹೋದದ್ದಕ್ಕೆ ತೂಕವಿಲ್ಲ.

ನಾನು ರಜೆ ಮುಗಿಸಿ ಹೊರಡಲು ಇನ್ನೂ ಆರು ದಿನವಿದೆ, ಪೆಟ್ಟಿಗೆಯಲ್ಲಿ ಎರಡು ಕಿಲೋ ಜಾಗ ಉಳಿದಿದೆ. ಬೀದರಿನಿಂದ ಕಲಬುರಗಿಗೆ ರೈಲು ಇದ್ದೇ ಇದೆ, ನಿಮ್ಮ ಮನೆಯವರು ಯಾರ ಕೈಯಲ್ಲಾದರೂ ಕಳುಹಿಸಿದರೆ ನಾನು ಸ್ಟೇಷನ್ನಿಗೆ ಬಂದು ತೆಗೆದುಕೊಳ್ಳುತ್ತೇನೆ. ಖಡಕ್ ರೊಟ್ಟಿಯನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಡಲು ಹೇಳಿ, ಪ್ಲಾಸ್ಟಿಕ್ ಚೀಲದಲ್ಲಿ ಪುಡಿಯಾಗುತ್ತದೆ. ಉಪ್ಪಿನಕಾಯಿ ಮಾತ್ರ ಬೇಡ, ಹೋದ ಸಲದ ಎಣ್ಣೆಯ ಕಲೆ ನನ್ನ ಅಂಗಿಯಿಂದ ಇನ್ನೂ ಹೋಗಿಲ್ಲ.