ಮಂಚದ ಕೆಳಗಿನ ಕಾಲುಚೀಲ

ನಿಮ್ಮ ಪತ್ರ ನಾಲ್ಕು ಪುಟ. ಅಷ್ಟನ್ನೂ ಅಚ್ಚು ಹಾಕೋಕೆ ಜಾಗ ಇಲ್ಲ, ಹಾಗಾಗಿ ಉಳಿದ ಓದುಗರಿಗಾಗಿ ಸಾರ ಮಾತ್ರ ಹೇಳುತ್ತೇನೆ. ಐದು ವಾರದ ಹಿಂದೆ ಶೆಲ್ಟರ್‌ನಿಂದ ಒಂದು ಹೆಣ್ಣು ನಾಯಿ ತಂದಿದ್ದೀರಿ. ಹಲ್ಲು ನೋಡಿ ಎರಡು ವರ್ಷ ಇರಬಹುದು ಅಂದಿದ್ದಾರೆ. ಮೂರು ವಾರ ಅಲ್ಲಿತ್ತಂತೆ. ಬೀದಿಯಲ್ಲಿ ಸಿಕ್ಕಾಗ ಬೆದೆಯಲ್ಲಿತ್ತಂತೆ. ಎರಡು ತಿಂಗಳೊಳಗೆ ಸಂತಾನಹರಣ ಆಪರೇಷನ್ ಮಾಡಿಸಬೇಕು ಅಂತ ನಿಮ್ಮ ಕೈಲಿ ಸಹಿ ಹಾಕಿಸಿಕೊಂಡಿದ್ದಾರೆ. ಒಬ್ಬ ಡಾಕ್ಟರು ಮುಂದಿನ ವಾರವೇ ಬನ್ನಿ ಅಂದರು. ಇನ್ನೊಬ್ಬರು ಅವಸರ ಇಲ್ಲ ಅಂದರು. ಪಕ್ಕದ ಮನೆಯವರು ‘ಪಾಪ, ಒಂದು ಸಲ ಮರಿ ಹಾಕಲಿ’ ಅಂದರು. ನಿಮ್ಮ ಯಜಮಾನರು ‘ಆಪರೇಷನ್ ಆದರೆ ದಪ್ಪಗಾಗಿ ಮೂಲೆ ಹಿಡಿಯುತ್ತೆ’ ಅಂದರು. ಯಾರ ಮಾತು ಕೇಳಲಿ ಅನ್ನುವುದು ನಿಮ್ಮ ಪ್ರಶ್ನೆ.

ನನ್ನ ಕಣ್ಣು ನಿಂತಿದ್ದು ಮಾತ್ರ ಕೊನೆಯ ಪುಟದ ತುದಿಯಲ್ಲಿ, ಸಹಿಗೆ ಮುಂಚೆ ಬರೆದ ನಾಲ್ಕು ಸಾಲಿನ ಮೇಲೆ. ‘ಒಂದು ವಾರದಿಂದ ಮಗನ ಕಾಲುಚೀಲ ಕದ್ದು ಮಂಚದ ಕೆಳಗೆ ಇಟ್ಟುಕೊಂಡು ಕಾಯುತ್ತಾ ಕೂರುತ್ತಾಳೆ. ಹತ್ತಿರ ಹೋದರೆ ಗುರ್ ಅಂತಾಳೆ. ಮೊಲೆ ಸ್ವಲ್ಪ ಊದಿದ ಹಾಗಿದೆ. ಕಾಲುಚೀಲ ಕಿತ್ತುಕೊಳ್ಳಲಾ ಬೇಡವಾ?’

ಅದನ್ನು ಓದಿದ ತಕ್ಷಣ ನಿಮಗೆ ಫೋನ್ ಮಾಡಿದ್ದು ನೆನಪಿದೆಯಲ್ಲ. ಪತ್ರಿಕೆ ಅಚ್ಚಾಗಿ ಕೈಸೇರುವ ತನಕ ಕಾಯುವ ವಿಷಯ ಅದಾಗಿರಲಿಲ್ಲ. ನಾಯಿಯ ಗರ್ಭಾವಧಿ ಸುಮಾರು 63 ದಿನ. ನಿಮ್ಮ ನಾಯಿ ಬೆದೆಯಲ್ಲಿ ಸಿಕ್ಕಿ ಎರಡು ತಿಂಗಳಾಗುತ್ತಾ ಬಂದಿತ್ತು. ಬೀದಿಯಲ್ಲಿ ಗಂಡು ನಾಯಿ ಕೂಡಿದ್ದರೆ ಇವತ್ತೋ ನಾಳೆಯೋ ಮಂಚದ ಕೆಳಗೆ ಕಾಲುಚೀಲದ ಜೊತೆ ಮರಿಗಳೂ ಇರಬಹುದಿತ್ತು. ಇನ್ನೊಂದು ಭಯವೂ ಇತ್ತು. ಬೆದೆ ಮುಗಿದು ಒಂದೆರಡು ತಿಂಗಳಲ್ಲೇ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುವುದು ಜಾಸ್ತಿ. ಜಾಸ್ತಿ ನೀರು ಕುಡಿಯುವುದು, ಊಟ ಬಿಡುವುದು, ವಾಂತಿ, ಹಿಂದುಗಡೆಯಿಂದ ಕೆಟ್ಟ ವಾಸನೆಯ ಸ್ರಾವ, ಇವು ಅದರ ಲಕ್ಷಣ. ಕೆಲವು ಸಲ ಸ್ರಾವ ಹೊರಗೆ ಬರುವುದೇ ಇಲ್ಲ, ಅದು ಇನ್ನೂ ಅಪಾಯ. ಹಾಗಾಗಿ ಸ್ಕ್ಯಾನ್ ಮಾಡಿಸಿ ಅಂದೆ.

ಸ್ಕ್ಯಾನ್‌ನಲ್ಲಿ ಮರಿ ಇಲ್ಲ, ಕೀವೂ ಇಲ್ಲ ಅಂತ ನೀವು ತಿಳಿಸಿದ ಮೇಲೆ ಸಮಾಧಾನವಾಯಿತು. ಉಳಿದಿದ್ದು ಸುಳ್ಳು ಗರ್ಭ. ಇದು ಹುಚ್ಚೂ ಅಲ್ಲ, ಹಠವೂ ಅಲ್ಲ. ಬೆದೆ ಆದ ಮೇಲೆ, ಗಂಡು ಕೂಡಲಿ ಬಿಡಲಿ, ಹೆಣ್ಣು ನಾಯಿಯ ಮೈ ಸುಮಾರು ಎರಡು ತಿಂಗಳು ಬಸಿರಿನ ಲೆಕ್ಕದಲ್ಲೇ ನಡೆಯುತ್ತದೆ. ಕೊನೆಗೆ ಬಸಿರು ಕಾಯುವ ಹಾರ್ಮೋನ್ ಪ್ರೊಜೆಸ್ಟರಾನ್ ಇಳಿದು, ಹಾಲು ತರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಏರುತ್ತದೆ. ಆಗ ಕೆಲವು ನಾಯಿಗಳಿಗೆ ಹಾಲು ಇಳಿಯುತ್ತದೆ, ಮರಿ ಇಲ್ಲದಿದ್ದರೂ ಮರಿ ಕಾಯುವ ಬುದ್ಧಿ ಬರುತ್ತದೆ. ಸಿಕ್ಕಿದ್ದು ಕಾಲುಚೀಲ, ಅದೇ ಮರಿ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ಮೊಲೆ ಒತ್ತಿ ನೋಡಬೇಡಿ, ಹಾಲು ಹಿಂಡಬೇಡಿ. ಮುಟ್ಟಿದಷ್ಟೂ ಹಾಲು ಜಾಸ್ತಿ. ಅವಳೇ ನೆಕ್ಕಿಕೊಳ್ಳುತ್ತಿದ್ದರೆ ಬೇರೆ ಕಡೆ ಗಮನ ಎಳೆಯಿರಿ. ಮೊಲೆ ಕೆಂಪಾಗಿ ಬಿಸಿಯಾದರೆ ಡಾಕ್ಟರಿಗೆ ತೋರಿಸಿ.

ಆಪರೇಷನ್ ದಿನಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಸುಳ್ಳು ಗರ್ಭ ಇರುವಾಗಲೇ ಅಂಡಾಶಯ ತೆಗೆದರೆ ಆ ಸ್ಥಿತಿ ಹಾಗೇ ಉಳಿದುಬಿಡುವ ಸಾಧ್ಯತೆ ಇದೆ. ಹಾಲು, ಗುರುಗುಟ್ಟುವುದು, ಕಾಲುಚೀಲ, ಎಲ್ಲ ತಿಂಗಳುಗಟ್ಟಲೆ ಎಳೆಯಬಹುದು. ಬೆದೆಯಲ್ಲಿರುವಾಗ ಮಾಡಿಸಿದರೆ ಗರ್ಭಕೋಶದ ರಕ್ತನಾಳಗಳು ಊದಿಕೊಂಡಿರುತ್ತವೆ, ರಕ್ತ ಹೆಚ್ಚು ಹೋಗುತ್ತದೆ. ಹಾಗಾಗಿ ಬೆದೆಯಾಗಿ ಮೂರು ನಾಲ್ಕು ತಿಂಗಳ ನಂತರ, ಮುಂದಿನ ಬೆದೆಗೆ ಇನ್ನೂ ಟೈಮ್ ಇರುವಾಗ ಮಾಡಿಸುವುದು ಒಳ್ಳೆಯದು. ಬೆದೆ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ. ಅಂದರೆ ನಿಮಗೆ ಇನ್ನು ಆರು ವಾರ ಇದೆ ಅಂತಿಟ್ಟುಕೊಳ್ಳಿ.

ಇಬ್ಬರು ಡಾಕ್ಟರಲ್ಲಿ ಯಾರು ಸರಿ ಅಂತ ನೀವು ಕೇಳಿದಿರಿ. ನಾನು ತಿರುಗಿ ಕೇಳಿದ್ದು, ಕಾಲುಚೀಲದ ವಿಷಯ ಅವರಿಗೆ ಹೇಳಿದ್ದಿರಾ ಅಂತ. ‘ಅದನ್ನೆಲ್ಲ ಹೇಳಬೇಕಾ?’ ಅಂದಿರಿ. ಹೇಳಬೇಕು. ಡಾಕ್ಟರು ನಾಯಿಯನ್ನು ನೋಡೋದು ಹತ್ತು ನಿಮಿಷ, ಅದೂ ಮೇಜಿನ ಮೇಲೆ ನಡುಗುತ್ತಾ ನಿಂತಾಗ. ಮಂಚದ ಕೆಳಗೆ ಏನಿದೆ ಅಂತ ಗೊತ್ತಿರೋದು ನಿಮಗೆ. ದಿನ ಗೊತ್ತು ಮಾಡೋದು ಅರ್ಧ ನಿಮ್ಮ ಕಣ್ಣಿನ ಕೆಲಸ.

ಶೆಲ್ಟರ್‌ನ ಗಡುವು ಇನ್ನು ಮೂರು ವಾರಕ್ಕೆ ಮುಗಿಯುತ್ತೆ ಅನ್ನೋ ಚಿಂತೆ ಬೇಡ. ಸ್ಕ್ಯಾನ್ ರಿಪೋರ್ಟ್ ಜೊತೆ ಡಾಕ್ಟರ ಕೈಲಿ ಎರಡು ಸಾಲು ಬರೆಸಿ ಕೊಡಿ, ಗಡುವು ಮುಂದಕ್ಕೆ ಹಾಕಿ ಅಂತ ಕೇಳಿ. ಅವರಿಗೆ ಬೇಕಿರೋದು ಇವಳಿಗೆ ಮರಿಯಾಗಬಾರದು ಅನ್ನೋದು. ಅದನ್ನು ನೀವು ತಪ್ಪಿಸುತ್ತಿಲ್ಲ.

ಈ ಆರು ವಾರ ಸುಮ್ನೆ ಕೂರೋದಕ್ಕಲ್ಲ. ಕಿವಿಯೊಳಗಿಂದ ರಕ್ತ ಹೀರುವ ಉಣ್ಣೆ ಕಿತ್ತೆವು ಅಂತ ಎರಡನೇ ಪುಟದಲ್ಲಿ ಬರೆದಿದ್ದೀರಿ. ಇದು ನನಗೆ ಸುಟ್ಟುಕೊಂಡು ಗೊತ್ತಾದ ವಿಷಯ. ವರ್ಷಗಳ ಹಿಂದೆ ನಮ್ಮ ಮನೆಗೆ ಬಂದ ನಾಯಿ ಚೆನ್ನಾಗೇ ತಿನ್ನುತ್ತಿತ್ತು, ಓಡುತ್ತಿತ್ತು. ರಕ್ತಪರೀಕ್ಷೆ ಯಾಕೆ ಅಂತ ನಾನೇ ಬೇಡ ಅಂದೆ, ಡಾಕ್ಟರೂ ಒತ್ತಾಯ ಮಾಡಲಿಲ್ಲ. ಆಪರೇಷನ್ ಆದ ರಾತ್ರಿ ಹೊಲಿಗೆಯಿಂದ ರಕ್ತ ಜಿನುಗುತ್ತಲೇ ಇತ್ತು. ಟವೆಲ್ ಮೇಲೆ ಟವೆಲ್ ಬದಲಾಯಿಸಿದೆವು. ತುಟಿ ಎತ್ತಿ ನೋಡಿದರೆ ವಸಡು ಬೆಳ್ಳಗೆ, ಕಾಗದದ ಹಾಗೆ. ನಡುರಾತ್ರಿ ಎತ್ತಿಕೊಂಡು ಓಡಿದೆವು. ಬದುಕಿತು, ಪುಣ್ಯ. ಆಮೇಲೆ ಗೊತ್ತಾಗಿದ್ದು, ಉಣ್ಣೆ ಜ್ವರ ಮೈಯೊಳಗೇ ಇತ್ತು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಪಾತಾಳಕ್ಕಿಳಿದಿತ್ತು.

ಉಣ್ಣೆಯಿಂದ ಬರುವ ಎರ್ಲಿಕಿಯಾ ಸೋಂಕು ಹೊರಗೆ ಏನೂ ತೋರಿಸದೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಕೂತಿರಬಲ್ಲದು. ಹಾಗಾಗಿ ಆಪರೇಷನ್‌ಗೆ ಮುಂಚೆ ರಕ್ತದ ಪೂರ್ತಿ ಎಣಿಕೆ ಮಾಡಿಸಿ. ಪ್ಲೇಟ್‌ಲೆಟ್ ಸಾಮಾನ್ಯವಾಗಿ 2 ಲಕ್ಷದಿಂದ 5 ಲಕ್ಷದ ನಡುವೆ ಇರುತ್ತದೆ. ಕಡಿಮೆ ಬಂದರೆ ಉಣ್ಣೆ ಜ್ವರದ ಪರೀಕ್ಷೆ. ಅದು ಖಚಿತವಾದರೆ ಡಾಕ್ಟರು ಸುಮಾರು 28 ದಿನ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಕೊಡುತ್ತಾರೆ. ಮೂರನೇ ದಿನಕ್ಕೇ ನಾಯಿ ಚುರುಕಾಯಿತು ಅಂತ ನಿಲ್ಲಿಸಬೇಡಿ. ಅದೇ ರಕ್ತದಲ್ಲಿ ಲಿವರ್, ಕಿಡ್ನಿಯನ್ನೂ ನೋಡಿಸಿ, ಅರಿವಳಿಕೆ ಕೊಡುವವರಿಗೆ ಬೇಕಾಗುತ್ತದೆ. ಹೃದಯದ ಹುಳುವಿನ ಪರೀಕ್ಷೆ ಈಗೊಮ್ಮೆ, ಆರು ತಿಂಗಳಿಗೆ ಇನ್ನೊಮ್ಮೆ. ಇದು ಸೊಳ್ಳೆಯಿಂದ ಬರುವ ಹುಳು. ಸೊಳ್ಳೆ ಕಚ್ಚಿದ ಆರು ತಿಂಗಳ ತನಕ ಪರೀಕ್ಷೆಯಲ್ಲಿ ಸಿಗುವುದಿಲ್ಲ.

ಲಸಿಕೆ ಪುಸ್ತಕದಲ್ಲಿ ಒಂದೇ ಸೀಲು, ಯಾವ ಲಸಿಕೆ ಅಂತ ಬರೆದಿಲ್ಲ ಅಂದಿರಿ. ಹಾಗಾದರೆ ಹಾಕಿಸಿಲ್ಲ ಅಂತಲೇ ಲೆಕ್ಕ. ಡಿಸ್ಟೆಂಪರ್, ಪಾರ್ವೊ, ಲೆಪ್ಟೋ ಅನ್ನೋ ಸೋಂಕುರೋಗಗಳು, ಎಲ್ಲಕ್ಕೂ ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಜೊತೆಗೆ ರೇಬಿಸ್. ಇನ್ನೊಮ್ಮೆ ಹಾಕಿಸಿದರೆ ನಷ್ಟ ಇಲ್ಲ. ಜಂತುಹುಳುವಿನ ಔಷಧಿಯೂ ಒಂದು ಸಲಕ್ಕೆ ಸಾಲದು.

ಈಗ ಪಕ್ಕದ ಮನೆಯವರ ಮಾತು. ಒಂದು ಸಲ ಮರಿ ಹಾಕಿದರೆ ನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ತಾಯಿಯಾಗುವ ಆಸೆ ತೀರಲಿ ಅನ್ನೋದು ನಮ್ಮ ಮನಸ್ಸಿನ ಮಾತು, ನಾಯಿಯದಲ್ಲ. ಆಪರೇಷನ್ ಪರವಾಗಿ ಮಾತಾಡುವವರೂ ಒಂದು ಅಂಕಿ ತಪ್ಪಾಗಿ ಹೇಳುತ್ತಾರೆ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಸ್ತನದ ಗಡ್ಡೆ 0.5 ಶೇಕಡಾ, ಒಂದು ಬೆದೆ ಆದರೆ 8, ಎರಡಾದರೆ 26 ಅಂತ. 1969ರ ಅಧ್ಯಯನ ಅದು. ಆ ಅಂಕಿಗಳ ಅರ್ಥ ನೂರು ನಾಯಿಯಲ್ಲಿ ಇಷ್ಟಕ್ಕೆ ಗಡ್ಡೆ ಬರುತ್ತದೆ ಅಂತಲ್ಲ. ಆಪರೇಷನ್ ಆಗದ ನಾಯಿಗಿರುವ ಅಪಾಯದಲ್ಲಿ ಇಷ್ಟು ಪಾಲು ಅಂತ. 2012ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದವರು ಆಧಾರ ದುರ್ಬಲ ಅಂದರು. ನಿಮ್ಮ ಎರಡು ವರ್ಷದ ನಾಯಿಗೆ ಈ ಲೆಕ್ಕ ಹೇಗೂ ಕೈತಪ್ಪಿದ ಬಸ್ಸು.

ನನ್ನ ಮಟ್ಟಿಗೆ ಗಟ್ಟಿ ಕಾರಣ ಆ ಕೀವಿನ ಕಾಯಿಲೆ. ಸ್ವೀಡನ್ನಿನ ನಾಯಿ ವಿಮೆಯ ದಾಖಲೆಗಳ ಪ್ರಕಾರ ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ಹತ್ತು ವರ್ಷ ಆಗೋದ್ರೊಳಗೆ ಸುಮಾರು ನಾಲ್ಕರಲ್ಲಿ ಒಂದಕ್ಕೆ ಇದು ಬಂದಿದೆ. ಆಗ ಆಪರೇಷನ್ ಹೇಗೂ ಬೇಕು, ಆದರೆ ಜ್ವರ ಬಂದ ವಯಸ್ಸಾದ ನಾಯಿಗೆ, ಅರ್ಧರಾತ್ರಿಯಲ್ಲಿ.

ನಿಮ್ಮ ಯಜಮಾನರ ಮಾತಲ್ಲಿ ಅರ್ಧ ನಿಜ ಇದೆ. ಆಪರೇಷನ್ ಆದ ಮೇಲೆ ಹಸಿವು ಹೆಚ್ಚುತ್ತೆ, ಮೈಗೆ ಬೇಕಾದ ಊಟ ಸುಮಾರು ಕಾಲುಭಾಗ ಇಳಿಯುತ್ತೆ. ಅಳತೆ ಕಮ್ಮಿ ಮಾಡಿದರೆ ದಪ್ಪ ಆಗಲ್ಲ. ಅದು ತಟ್ಟೆಗೆ ಹಾಕೋರ ಕೈಲಿದೆ, ಅಲ್ವಾ? ಕೆಲವು ಹೆಣ್ಣು ನಾಯಿಗಳಿಗೆ, ಅದರಲ್ಲೂ ದೊಡ್ಡ ಮೈಯವಕ್ಕೆ, ಮುಂದೆ ಮಲಗಿದಲ್ಲೇ ಮೂತ್ರ ಸೋರುವುದುಂಟು. ಔಷಧಿ ಇದೆ. ಮೂಲೆ ಹಿಡಿಯುತ್ತೆ ಅನ್ನೋದು ಮಾತ್ರ ಸುಳ್ಳು. ಹಾಗೇ, ಅಪರಿಚಿತರನ್ನು ಕಂಡು ಬೊಗಳೋದು ಆಪರೇಷನ್‌ನಿಂದ ನಿಲ್ಲುತ್ತೆ ಅನ್ನೋ ಆಸೆಯೂ ಬೇಡ. ಅದು ಹೆದರಿಕೆ. ಅದಕ್ಕೆ ಔಷಧಿ ದಿನ ಕಳೆಯೋದು, ನಿಮ್ಮ ತಾಳ್ಮೆ.

ಗಂಡು ನಾಯಿ ಇರುವ ಓದುಗರಿಗೆ ಒಂದೇ ಮಾತು. ದೊಡ್ಡ ತಳಿಯದಾದರೆ ಒಂದು ವರ್ಷ ತುಂಬಲಿ. ತೀರಾ ಬೇಗ ಮಾಡಿಸಿದ ಗೋಲ್ಡನ್ ರಿಟ್ರೀವರ್‌ಗಳಲ್ಲಿ ಕೀಲಿನ ತೊಂದರೆ ಹೆಚ್ಚು ಅಂತ 2013ರ ಕ್ಯಾಲಿಫೋರ್ನಿಯಾದ ಅಧ್ಯಯನ ತೋರಿಸಿದೆ. ಪುಕ್ಕಲು ಗಂಡಾದರೆ ಇಂಪ್ಲಾಂಟ್ ಬಗ್ಗೆ ಕೇಳಿ. ಗಂಡು ಹಾರ್ಮೋನ್ ತಡೆಯಲು ಚರ್ಮದಡಿ ಇಡುವ ಚಿಕ್ಕ ಗುಳಿಗೆ ಅದು, ಆರು ತಿಂಗಳೋ ವರ್ಷವೋ ಕೆಲಸ ಮಾಡಿ ಇಳಿದುಹೋಗುತ್ತೆ. ಸ್ವಭಾವ ಹೇಗೆ ಬದಲಾಗುತ್ತೆ ಅಂತ ಮೊದಲೇ ನೋಡಬಹುದು.

ಆಪರೇಷನ್ ಆದ ಮೇಲೆ ಕೊರಳಿಗೆ ಕೋನ್ ಹಾಕಿರಿ, ಹತ್ತರಿಂದ ಹದಿನಾಲ್ಕು ದಿನ. ಪಾಪ ಅಂತ ಒಂದು ಗಂಟೆ ಬಿಚ್ಚಿದರೆ ಆ ಒಂದು ಗಂಟೆಯಲ್ಲೇ ಹೊಲಿಗೆ ಕಿತ್ತಿರುತ್ತೆ. ನೋವಿಗೆ ಮನುಷ್ಯರ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ನಾಯಿಗೆ ವಿಷವಾಗಬಹುದು. ದಿನಕ್ಕೆರಡು ಸಲ ತುಟಿ ಎತ್ತಿ ವಸಡಿನ ಬಣ್ಣ ನೋಡಿ.

ಇನ್ನು ಕಾಲುಚೀಲ. ಬಾಯಿಂದ ಕಿತ್ತುಕೊಳ್ಳಬೇಡಿ, ಕಚ್ಚಿದರೆ ತಪ್ಪು ಅವಳದಲ್ಲ. ಮಗನನ್ನೂ ಮಂಚದ ಕೆಳಗೆ ಕೈಹಾಕೋಕೆ ಬಿಡಬೇಡಿ. ಯಜಮಾನರು ಅವಳನ್ನು ಹೊರಗೆ ಸುತ್ತಾಡಿಸೋಕೆ ಕರೆದುಕೊಂಡು ಹೋದಾಗ ನೀವು ಸದ್ದಿಲ್ಲದೆ ತೆಗೆದುಬಿಡಿ. ಬಂದು ಒಂದೆರಡು ದಿನ ಹುಡುಕುತ್ತಾಳೆ, ಆಮೇಲೆ ಬಿಡುತ್ತಾಳೆ. ಜೋಡಿಯ ಇನ್ನೊಂದು ಎಲ್ಲಿದೆ ನೋಡಿ, ಅದನ್ನೂ ಮೇಲೆ ಎತ್ತಿಡಿ.